ಬರ್ತೀನಿ ಎಂದ ಮಾಂತ್ರಿಕ

ಎಂಬತ್ತರ ದಶಕದಲ್ಲಿ, ನಾವು ಕಾಲೇಜಿನಲ್ಲಿದ್ದಾಗ, ಆರ್.ಟಿ. ನಗರದ ನಮ್ಮ ಮನೆಯ ವರಾಂಡಕ್ಕೆ ಭಾನುವಾರ ಬಂತೆಂದರೆ ರಾಕ್ಷಸರು ಬರುತ್ತಿದ್ದರು. ನನ್ನ ಗೆಳೆಯನ ಚಿಕ್ಕಪ್ಪ ವಿದೇಶದಿಂದ ತಂದ ಆಟ ಅದು. ಒಬ್ಬ ಕಥೆ ಹೇಳುತ್ತ ಅಪಾಯ ತಂದೊಡ್ಡಬೇಕು. ಉಳಿದವರು ವೀರನೋ ಕಳ್ಳನೋ ಮಾಂತ್ರಿಕನೋ ಆಗಿ, ದಾಳ ಉರುಳಿಸಿ ಪಾರಾಗಬೇಕು. ಕಥೆ ಹೇಳುವವನು ನಾನು, ಮಾಂತ್ರಿಕ ಆ ಗೆಳೆಯ. ಹುಟ್ಟಿನಿಂದಲೇ ಅವನ ಹೃದಯದಲ್ಲಿ ತೂತಿತ್ತು. ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು.

"ನಂಗಂತೂ ಓಡೋಕಾಗಲ್ಲ ಮಗಾ, ಇವನಾದ್ರೂ ಓಡ್ಲಿ" ಎಂದು ಮಾಂತ್ರಿಕನನ್ನು ಆರಿಸಿಕೊಂಡಿದ್ದ.

ಓಡಿದ್ದೇ ಓಡಿದ್ದು. ರಾಕ್ಷಸ ಬಾಯಿ ತೆರೆಯುವಷ್ಟರಲ್ಲಿ "ಬರ್ತೀನಿ ಗುರು" ಎಂದು ಮಾಯ. ಕತ್ತಿ ಹಿಡಿದು ನಿಂತ ಬಡಪಾಯಿಗಳು ರಾಕ್ಷಸನ ಊಟವಾಗುತ್ತಿದ್ದರು. ವಾರವೆಲ್ಲ ಹೆಣೆದ ಕಥೆ ಹೀಗೆ ಹಾಳಾದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಕೊನೆಗೆ ಒಂದು ಕಾನೂನು ಮಾಡಿದೆ.

"ಬರ್ತೀನಿ ಅಂದೋನು ಬರ್ಲೇಬೇಕು. ಬಾ, ರಾಕ್ಷಸ ಕಾಯ್ತಾ ಇದಾನೆ."

ಅವನೇನು ಕಡಿಮೆಯೇ? ಮುಂದಿನ ಸಲ "ಹಂಗಾದ್ರೆ ಹೋಗ್ತೀನಿ" ಎಂದ. ಅಡುಗೆಮನೆಯಿಂದ ಅಮ್ಮ ಗದರಿದಳು: "ಹೋಗ್ತೀನಿ ಅನ್ಬಾರ್ದಪ್ಪ, ಬಿಡ್ತು ಅನ್ನು! ಬರ್ತೀನಿ ಅನ್ನು." ಅವನು ನನ್ನ ಮುಖ ನೋಡಿದ. ಬಿಡ್ತು ಎಂದ, ಬರ್ತೀನಿ ಎಂದ. ಮಾಂತ್ರಿಕ ನೇರವಾಗಿ ರಾಕ್ಷಸನ ಬಾಯಿಗೇ ಬಂದು ಬಿದ್ದ. ನಕ್ಕು ನಕ್ಕು ಅವನಿಗೆ ಉಸಿರು ಸಿಗದಂತಾಗಿ, ನಾವೆಲ್ಲ ಹೆದರಿ ನಗು ನಿಲ್ಲಿಸಿದೆವು.

ಆಪರೇಷನ್ನಿಗೆ ಹೊರಟ ಬೆಳಿಗ್ಗೆ ಅವನ ಆಟೋ ನಮ್ಮ ಗೇಟಿನ ಮುಂದೆ ನಿಂತಿತು. ಪಕ್ಕದಲ್ಲಿ ಅವನ ತಾಯಿ. ತಲೆ ಹೊರಹಾಕಿ, "ಬರ್ತೀನಿ ಗುರು" ಎಂದ.

"ಕಾನೂನು ಜ್ಞಾಪಕ ಇದೆ ತಾನೇ?" ಎಂದೆ.

"ಯಾವ ಕಾನೂನಪ್ಪ?" ಎಂದು ಅವನ ತಾಯಿ ಕೇಳಿದರು.

"ಬರ್ತೀನಿ ಅಂದೋನು ಬರ್ಲೇಬೇಕಂತೆ ಅಮ್ಮ" ಎಂದು ಅವನೇ ಹೇಳಿದ.

"ಒಳ್ಳೇ ಕಾನೂನು" ಎಂದರು ಅವರು. ಆಟೋ ಹೊರಟಿತು.

ಅವನು ಬರಲಿಲ್ಲ. ದುಃಖಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು, ಆಟದಲ್ಲಿ ಮೋಸ ಮಾಡಿದವನ ಮೇಲೆ ಬರುವಂಥದೇ ಸಿಟ್ಟು.

ಅವನ ಮನೆಗೆ ಹೊರಟಾಗ ಅಮ್ಮ ಎಚ್ಚರಿಸಿದ್ದಳು: ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಎನ್ನಬಾರದು, ಸುಮ್ಮನೆ ಎದ್ದು ಬಂದುಬಿಡಬೇಕು. ಅವನ ತಾಯಿ ಗೋಡೆಗೆ ಒರಗಿ ಕೂತಿದ್ದರು. ಸ್ವಲ್ಪ ಹೊತ್ತು ಕೂತು ಎದ್ದೆ. ಹೊಸ್ತಿಲ ಬಳಿ ಬಾಯಿ ತಪ್ಪಿ "ಬರ್ತೀನಮ್ಮ" ಎಂದುಬಿಟ್ಟೆ. ಕೂತಿದ್ದ ನೆಂಟರೆಲ್ಲ ತಿರುಗಿ ನೋಡಿದರು. ನಾಲಿಗೆ ಕಚ್ಚಿಕೊಂಡೆ.

ಅವನ ತಾಯಿ ತಲೆ ಎತ್ತಿದರು.

"ಬಾಪ್ಪ" ಎಂದರು. "ಬರ್ತೀನಿ ಅಂದ್ಮೇಲೆ ನೀನಾದ್ರೂ ಬರ್ಬೇಕು."