ಪುಟ್ಟಿಯ ನೆತ್ತಿಗೆ ಥಂಡಿ

ಅಮೆರಿಕದ ಎವರೆಟ್ ಊರಿನ ಸಮೀಪದ ಕ್ಯಾಂಪಿನಲ್ಲಿ ನಡುಮಧ್ಯಾಹ್ನ ಅಣ್ಣನ ಪಾಪ್-ಅಪ್ ಕ್ಯಾಂಪರಿನ ಎಸಿ ಕೈಕೊಟ್ಟಿತು. ಮಡಚಿ ಬಿಚ್ಚುವ ಬಟ್ಟೆ ಗೋಡೆಗಳ ಆ ಗಾಡಿಮನೆ ಒಲೆಯಂತೆ ಕಾದಿತ್ತು. ಅವನ ಕೂಸು ಪುಟ್ಟಿ ಕೆಂಪಗಾಗಿ, ಅಳುವುದನ್ನೂ ನಿಲ್ಲಿಸಿದ್ದಳು.

“ರೂಫ್ ಎಸಿ ಬೇಡ ಅಂತ ಬಡ್ಕೊಂಡೆ, ಕೇಳಿದ್ರಾ?” ಒದ್ದೆ ಬಟ್ಟೆಯಲ್ಲಿ ಅವಳ ಮೈ ಒರೆಸುತ್ತಾ ಅತ್ತಿಗೆ ಸಿಡಿದರು.

ಅಣ್ಣ ಚಾವಣಿಯಲ್ಲಿದ್ದ ಎಸಿಯ ಕೆಳಮುಚ್ಚಳ ಬಿಚ್ಚಿದ. ಹೊರಗೆ ಉರಿಬಿಸಿಲು, ಅದರೊಳಗೆ ಮಂಜುಗಡ್ಡೆ! ಜಾಲರಿಯ ಹಿಂದೆ ಯಾರೋ ಟವೆಲ್ ತುರುಕಿದ್ದರು.

“ನಾನೇ ಕಣೋ,” ಎಂದರು ಅಮ್ಮ. “ಮಗು ನೆತ್ತಿಗೆ ಥಂಡಿ ಹೊಡೀತಿತ್ತು.”

“ಅಮ್ಮಾ, ಅದು ಗಾಳಿ ಬಿಡೋ ಜಾಗ ಅಲ್ಲ, ಎಳ್ಕೊಳ್ಳೋ ಜಾಗ! ಅದನ್ನ ಮುಚ್ಚಿದ್ರೆ ಒಳಗೇ ಹೆಪ್ಪುಗಟ್ಟುತ್ತೆ,” ಎನ್ನುತ್ತಾ ಅಣ್ಣ ಟವೆಲ್ ಕಿತ್ತ.

ಮಂಜುಗಡ್ಡೆಯೆಲ್ಲ ಕರಗಿ ತೊಟ್ಟಿಕ್ಕಿದ ಮೇಲೆ ತಂಪು ಗಾಳಿ ಬಂತು. ಪುಟ್ಟಿ ಚೇತರಿಸಿಕೊಂಡು ಕಿರುಚಿ ಅತ್ತಳು. ನಾವು ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ ಅಮ್ಮ ಚೀಲದಿಂದ ಉಣ್ಣೆಯ ಕುಲಾವಿ ತೆಗೆದಾಗಿತ್ತು.