ಕೂರಲು ಬಿಡದ ಊರು

ಆ ನಗರದ ನೀತಿಯ ಪರಿಣಾಮವನ್ನು ಅನುಭವಿಸಿದ್ದು ನನ್ನ ಅತ್ತೆಯವರ ಎರಡು ಮೊಣಕಾಲುಗಳು. ನಗರದ ಹೆಸರು ಹೇಳುವುದಿಲ್ಲ. ಅಲ್ಲಿನ ನಗರಸಭೆಯೊಂದಿಗೆ ನನ್ನ ಹೋರಾಟ ಇನ್ನೂ ಜಾರಿಯಲ್ಲಿದೆ. ಊರು ಇಟಲಿಯಲ್ಲಿದೆ, ಬಹಳ ಹಳೆಯದು, ಕಣ್ಣು ಕೋರೈಸುವಷ್ಟು ಸುಂದರ, ಮತ್ತು ಅಲ್ಲಿ ಸುಮ್ಮನೆ ಕೂರುವಂತಿಲ್ಲ.

ಅಮೆರಿಕದ ಜರ್ಮನ್‌ಟೌನಿನಿಂದ ರಜೆಗೆ ಹೊರಟವರು ನಾವು ಮೂವರು: ನಾನು, ಮಗಳು ಅನಘಾ, ಮೈಸೂರಿನಿಂದ ಬಂದಿದ್ದ ಅತ್ತೆ. ಅತ್ತೆಯವರಿಗೆ ದೇವರು ಯಾರಾದರೂ ಆದೀತು, ಕ್ರಮ ಮಾತ್ರ ಒಂದೇ: ದರ್ಶನವಾದ ಮೇಲೆ ಒಂದು ಗಳಿಗೆ ಹೊರಗೆ ಕುಳಿತೇ ಏಳಬೇಕು. ಕೂರದೆ ಹೊರಟರೆ ದೇವರನ್ನು ಅಂಗಡಿಯವನಂತೆ ಕಂಡ ಹಾಗೆ. ಆ ಊರಿನಲ್ಲೋ ಬೀದಿಗೊಂದು ಚರ್ಚು! ಅವರು ಪ್ರತಿ ಚರ್ಚಿನ ಮೆಟ್ಟಿಲ ಮೇಲೂ ಸೆರಗು ಹೊದ್ದು ಕುಳಿತರು. ಪ್ರತಿ ಮೆಟ್ಟಿಲಿನಿಂದಲೂ ಕಾವಲಿನವರು ಸೀಟಿ ಊದಿ ಎಬ್ಬಿಸಿದರು.

“ಅಜ್ಜೀ, ನಾಟ್ ಅಲೌಡ್! ಪ್ಲೀಸ್ ಗೆಟ್ ಅಪ್!” ಎಂದು ಅನಘಾ ನಾಚಿಕೊಂಡಳು.

“ಯಾಕೇ? ಅವ್ರ ಮೆಟ್ಲೇನು ಸವ್ದೋಗತ್ತಾ?”

ನಾನು ಓದಿಕೊಂಡು ಹೋಗಿದ್ದೆ. ಶತಮಾನಗಳ ಹಿಂದೆ ಅಲ್ಲಿನ ಸಿರಿವಂತರು ಮನೆಯ ಹೊರಗೋಡೆಗೆ ಕಲ್ಲಿನ ಜಗಲಿ ಕಟ್ಟಿಸುತ್ತಿದ್ದರಂತೆ, ದಾರಿಹೋಕರೂ ಕೂರಬಹುದಿತ್ತಂತೆ. ಇಂದು ಅದೇ ಜಗಲಿಗೆ ಹಗ್ಗ ಬಿಗಿದಿದ್ದಾರೆ. ಕೂರಬೇಕಾದರೆ ಕಾಫಿ ಕೊಳ್ಳಬೇಕು. ಸಾರ್ವಜನಿಕ ಸ್ಥಳದ ಈ ಖಾಸಗೀಕರಣವನ್ನು ಖಂಡಿಸುತ್ತಲೇ ನಾನು ಹೊಡೆದ ಕಾಫಿಗಳ ದೆಸೆಯಿಂದ ಸಂಜೆಯ ಹೊತ್ತಿಗೆ ಗೋಪುರಗಳೆಲ್ಲ ನನಗೆ ಮೆಲ್ಲಗೆ ಕುಣಿಯುತ್ತಿದ್ದವು.

ಉಳಿದದ್ದು ಗುಡ್ಡದ ಮೇಲಿನ ಚರ್ಚು. ಅಲ್ಲಿಂದ ಇಡೀ ಊರಿನ ಹೆಂಚುಗಳ ಮೇಲೆ ಸೂರ್ಯ ಇಳಿಯುವುದನ್ನು ನೋಡಬೇಕೆಂದು ಅತ್ತೆ ವಿಮಾನ ಹತ್ತುವ ಮೊದಲಿನಿಂದ ಹೇಳುತ್ತಿದ್ದರು. ಟ್ಯಾಕ್ಸಿಯಿಂದ ಇಳಿದವರೇ ಸುತ್ತ ನೋಡಿದರು. ಒಂದು ಬೆಂಚೂ ಇರಲಿಲ್ಲ, ಮೆಟ್ಟಿಲ ಬಳಿ ಇಲ್ಲೂ ಒಬ್ಬ ಸೀಟಿಯ ಕಾವಲಿನವನಿದ್ದ.

“ನೀವಿಬ್ರೂ ನೋಡ್ಕೊಂಡ್ ಬನ್ನಿ. ನಾನು ಇದೇ ಟ್ಯಾಕ್ಸೀಲಿ ರೂಮಿಗೆ ಹೋಗ್ತೀನಿ.”

ನನ್ನ ರಕ್ತ ಕುದಿಯಿತು. ಕಾವಲಿನವನ ಮುಂದೆ ವಯೋವೃದ್ಧರ ಹಕ್ಕು, ನಗರ ಯೋಜನೆಯಲ್ಲಿ ಸಮಾನತೆ, ಪ್ರವಾಸೋದ್ಯಮದ ಅಮಾನವೀಯತೆ ಎಂದು ಇಂಗ್ಲಿಷಿನಲ್ಲಿ ಭಾಷಣ ಆರಂಭಿಸಿದೆ. ಅವನು ಇಟಾಲಿಯನ್ನಿನಲ್ಲಿ ಸಹಾನುಭೂತಿ ತೋರಿದ. ಅಷ್ಟರಲ್ಲಿ ಅನಘಾ, ಹೋದಲ್ಲೆಲ್ಲ ನಾವು ಎಳೆದೊಯ್ಯುವ ತಿಂಡಿಯ ಸೂಟ್‌ಕೇಸನ್ನು ಅಡ್ಡ ಮಲಗಿಸಿ ಅಜ್ಜಿಯ ಕೈ ಹಿಡಿದಳು.

“ಅಜ್ಜಿ, ಇದು ನಮ್ದು. ಕೂತ್ಕೊ.”

ಕಾವಲಿನವನ ಸೀಟಿ ತುಟಿಗೆ ಏರಿತು. ಸೂಟ್‌ಕೇಸನ್ನೂ ಅತ್ತೆಯವರನ್ನೂ ನೋಡಿ, ನಕ್ಕು, ಅವನು ಅದನ್ನು ಕೆಳಗಿಳಿಸಿದ. ಅತ್ತೆ ಕುಳಿತ ಭಾರಕ್ಕೆ ಒಳಗಿದ್ದ ಕೋಡುಬಳೆಗಳು ಪಟಪಟನೆ ಪುಡಿಯಾದವು. ಊರು ಕೆಂಪಾಗಿ, ಬಂಗಾರವಾಗಿ, ಮತ್ತೆ ಕೆಂಪಾಯಿತು. ಅತ್ತೆ ಮಾತ್ರ ಸರಿದು ಸರಿದು ಪಕ್ಕವನ್ನು ತಟ್ಟುತ್ತಲೇ ಇದ್ದರು: “ಬಾರಮ್ಮ, ನೀನೂ ಕೂತ್ಕೋ, ಜಾಗ ಇದೆ.” ಜಾಗ ಇರಲಿಲ್ಲ.

ಆದ್ದರಿಂದ, ಆ ನಗರಸಭೆಯ ಮಾನ್ಯ ಸದಸ್ಯರೇ, ಗುಡ್ಡದ ತುದಿಯಲ್ಲಿ, ಪಡುವಣಕ್ಕೆ ಮುಖ ಮಾಡಿ, ಬೆನ್ನಿಗೆ ಆಸರೆಯಿರುವ ಒಂದು ಬೆಂಚು ಹಾಕಿಸಿ. ಮೂವರಿಗೆ ಸಾಲುವಷ್ಟು ಉದ್ದವಿರಲಿ. ನಮ್ಮ ಅತ್ತೆ ಒಬ್ಬರೇ ಕುಳಿತು ಏನನ್ನೂ ನೋಡುವವರಲ್ಲ.