ಮುದುಂಗು ಮನೆಗೆ ಹೋಗದ ಬುಟ್ಟಿ

ನಕಾಲಂಗಾ ಊರಿನಲ್ಲಿ ಸೈಕಲ್ ರಿಪೇರಿ ಮಾಡುವ ತಿಬೆಂಕಾನ ಏನನ್ನಾದರೂ ಕೇಳಲು ಹೊರಟನೆಂದರೆ ಬರಿಗೈಲಿ ವಾಪಸಾದದ್ದಿಲ್ಲ. ಒಂಬತ್ತು ವರ್ಷ ನಿಂತುಹೋಗಿದ್ದ ಕಹಳೆ ಹಬ್ಬಕ್ಕೆ ಅರ್ಧ ಖರ್ಚನ್ನು ಊರೇ ಕೂಡಿಸಿದರೆ ಉಳಿದದ್ದನ್ನು ನಾವು ಕೊಡುತ್ತೇವೆಂದು ಪಟ್ಟಣದ ಕಚೇರಿಯವರು ಹೇಳಿದ್ದೇ ತಡ, ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಮನೆಮನೆ ಹತ್ತತೊಡಗಿದ.

ಅಂಗಡಿಯ ನೈಗಾಗಾ ಅವನನ್ನು ಕಂಡೊಡನೆ ಡಬ್ಬಿ ಮುಚ್ಚಿದಳು.

“ನಿನ್ ಬುಟ್ಟಿಗೆ ತಳಾನೇ ಇಲ್ವೇನಣ್ಣ? ಹೋದ್ ವಾರ ತಾನೆ ಕೊಟ್ವಿ.”

“ಅದು ನಿನ್ ಗಂಡಂದು ಕಣಮ್ಮ. ಈಗ ನಿನ್ ಪಾಲು ಹಾಕು.”

ಬೈದುಕೊಂಡೇ ನೋಟು ಹಾಕಿದ ಅವಳು, “ಮುದುಂಗು ಮಾವನ ಮನೆಗೆ ಹೋಗಿದ್ಯಾ?” ಎಂದಳು.

“ಪಾಪ, ಅವ್ನ ಹತ್ರ ಏನಿದೆ? ಹೆಂಡ್ತಿ ಮಣ್ಣಿಗೆ ಅಂತ ಇದ್ದೊಂದ್ ಮೇಕೇನೂ ಮಾರ್ಕೊಂಡ.”

ನೈಗಾಗಾ ಏನೋ ಹೇಳಲು ಹೋದವಳು, ಗಿರಾಕಿ ಬಂದದ್ದರಿಂದ ಅತ್ತ ತಿರುಗಿದಳು. ಆವತ್ತು ಅವಳು ಬಾಯಿ ಬಿಟ್ಟಿದ್ದರೆ ಚೆನ್ನಾಗಿತ್ತು.

ಆ ಊರಿನ ಕಹಳೆಗಳು ಸೋರೆಬುರುಡೆಯವು. ಒಟ್ಟು ಐದು, ಒಂದೊಂದಕ್ಕೆ ಒಂದೇ ಸ್ವರ. ಐವರೂ ಸರದಿ ತಪ್ಪದೆ ಊದಿದರೆ ಮಾತ್ರ ಹಾಡು. ಎಲ್ಲಕ್ಕಿಂತ ಚಿಕ್ಕ ಕಹಳೆ ಮುದುಂಗುವಿನದು, ಅದನ್ನು ಊದಬಲ್ಲವನು ಅವನೊಬ್ಬನೇ. ತಿಬೆಂಕಾನನಿಗೆ ದೊಡ್ಡ ಕಹಳೆ ಹಿಡಿಯಲು ಕಲಿಸಿದವನೂ ಅವನೇ. ಅಂಥವನ ಮುಂದೆ ಬುಟ್ಟಿ ಚಾಚಿ ಅವನ ಕೈ ಖಾಲಿಯೆಂದು ಊರಿಗೆ ತೋರಿಸುವುದು ಹೇಗೆ? ತಿಬೆಂಕಾನ ಅವನ ಬೇಲಿಯ ಹತ್ತಿರ ಬಂದಾಗಲೆಲ್ಲ ಸೈಕಲ್ಲನ್ನು ಜೌಗಿನ ಕಡೆಯ ದಾರಿಗೆ ತಿರುಗಿಸುತ್ತಿದ್ದ. ತಾನೊಂದು ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದೇ ಅವನ ನಂಬಿಕೆ.

ಹಬ್ಬದ ಬೆಳಿಗ್ಗೆ ತಮಟೆಗಳು ಬಿಸಿಯೇರಿದವು, ಮುದುಂಗು ಮಾತ್ರ ಬರಲಿಲ್ಲ. ತಿಬೆಂಕಾನ ಓಡಿದ. ಮುದುಕ ಬಾಗಿಲಲ್ಲಿ ಕುಳಿತು ಗೆಣಸು ಸುಲಿಯುತ್ತಿದ್ದ. ಪಕ್ಕದ ಗೂಟಕ್ಕೆ ಒಂದು ಕೆಂಪು ಹುಂಜ ಕಟ್ಟಿತ್ತು.

“ಏಳು ಮಾವ, ಎಲ್ರೂ ಕಾಯ್ತಿದ್ದಾರೆ.”

“ಯಾರಿಗೆ ಕಾಯ್ತಿದ್ದಾರೆ? ನಾನು ಈ ಊರಿನೋನಲ್ವಲ್ಲ.”

“ಇದೇನ್ ಮಾತು ಮಾವ?”

“ಬುಟ್ಟಿ ಏನೂ ಇಲ್ದೋರ ಮನೆಗೂ ಹೋಗುತ್ತೆ. ಚಿಟಿಕೆ ಉಪ್ಪು ಹಾಕಿದ್ರೂ ಸಾಕು. ಹೋಗ್ದೇ ಇರೋದು ಕುಲದಿಂದ ಹೊರಗಿಟ್ಟೋರ ಮನೆಗೆ. ಹುಂಜ ಕಟ್ಟಿ ಹನ್ನೊಂದು ದಿನ ಆಯ್ತಪ್ಪ. ನಿನ್ ಸೈಕಲ್ ಗಂಟೆ ಬೇಲಿ ತನಕ ಬರೋದು, ಆಮೇಲೆ ಜೌಗಿನ ಕಡೆ ಹೋಗೋದು.”

ತಿಬೆಂಕಾನನಿಗೆ ಭೂಮಿ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಈ ಕಟ್ಟಳೆ ಅವನಿಗೆ ಗೊತ್ತಿಲ್ಲದ್ದಲ್ಲ. ಮರುಕದ ಭರದಲ್ಲಿ ಮರೆತಿದ್ದ. ಅಲ್ಲೇ ಮಂಡಿಯೂರಿದ.

“ನಿಂಗೆ ಅವಮಾನ ಆಗ್ಬಾರ್ದು ಅಂತ ಬರ್ಲಿಲ್ಲ ಮಾವ. ತಪ್ಪಾಯ್ತು.”

“ಅದು ನಂಗೂ ಗೊತ್ತಾಯ್ತು. ಅದಕ್ಕೇ ಜಾಸ್ತಿ ನೋವು.” ಮುದುಕ ಹುಂಜದ ದಾರ ಬಿಚ್ಚಿ ಅವನ ಕೈಗಿಟ್ಟ. “ಇದು ಹಬ್ಬಕ್ಕೆ ಅಂತ ಕಟ್ಟಿದ್ದು, ತಗೊಂಡ್ಹೋಗು. ನಾನು ಬರೋಲ್ಲ.”

ನಾಲ್ಕೇ ಕಹಳೆಗಳಲ್ಲಿ ಹಬ್ಬ ನಡೆಯಿತು. ಐದನೆಯ ಸ್ವರ ಬರಬೇಕಾದಲ್ಲೆಲ್ಲ ಹಾಡಿನಲ್ಲಿ ಒಂದು ತೂತು. ತಿಬೆಂಕಾನ ಪ್ರತಿ ಸಲವೂ ತಲೆ ತಗ್ಗಿಸಿದ. ಕಚೇರಿಯವರು ಬೆನ್ನು ತಟ್ಟಿದರು, ಹುಡುಗರು ಕುಣಿದರು, ಹಾಡು ಪೂರ್ತಿಯಾಗಿಲ್ಲವೆಂದು ಒಬ್ಬನಾದರೂ ಹೇಳಲಿಲ್ಲ. ತಿಬೆಂಕಾನ ಆ ಹುಂಜದ ಸಾರಿನ ಬಟ್ಟಲನ್ನು ಪಕ್ಕದ ಹುಡುಗನತ್ತ ಸರಿಸಿದ.

ಮರುವರ್ಷ ಬುಟ್ಟಿ ಮೊದಲು ಹೋದದ್ದು ಮುದುಂಗುವಿನ ಬೇಲಿಯೊಳಕ್ಕೆ. ಮುದುಕ ಗೋಡೆ ಹಿಡಿದು ಎದ್ದು ಬಂದು, ಒಂದು ಹಿಡಿ ಶೇಂಗಾ ಹಾಕಿ, ಬುಟ್ಟಿಯ ಅಂಚನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತ. ಮುಖ ಅರಳಿತ್ತು.

“ಹಬ್ಬದ ದಿನ ನಾನೇ ಬಂದು ಕರ್ಕೊಂಡು ಹೋಗ್ತೀನಿ ಮಾವ,” ಎಂದ ತಿಬೆಂಕಾನ.

ಮುದುಕ ಗೋಡೆಗೆ ತೂಗುಹಾಕಿದ್ದ ತನ್ನ ಚಿಕ್ಕ ಕಹಳೆಯನ್ನು ಇಳಿಸಿ ಬಾಯಿಗೆತ್ತಿದ. ಕೆನ್ನೆ ಉಬ್ಬಿತು, ಕತ್ತಿನ ನರ ಸೆಟೆಯಿತು, ಬರೀ ಗಾಳಿ ಬಂತು.

“ಹೋದ್ ವರ್ಷ ಇತ್ತು ಕಣೋ ಉಸಿರು,” ಎಂದ.